ಸದ್ದಿಲ್ಲದೆ ಗಂಟಲಿಗೇರುವ ಹುಳಿ

ಬೆಳಗಿನ ಐದೂವರೆ ಗಂಟೆಗೆ ಸಿದ್ದಾಪುರದ ಕಡೆಯ ಯಾವುದಾದರೊಂದು ತೋಟದ ಮನೆಯಲ್ಲಿ ನಿಮಗೆ ಎಚ್ಚರವಾಯಿತೆನ್ನಿ. ಹಕ್ಕಿಗಳ ದನಿಗಿಂತ ಮೊದಲು ಕಿವಿಗೆ ಬೀಳುವುದು ಜಗಲಿಯ ಮೂಲೆಯಿಂದ ಬರುವ ಕ್ಯಾಕರಿಕೆ. ಮನೆಯ ಯಜಮಾನರು ಗಂಟಲು ಸರಿಮಾಡಿಕೊಳ್ಳುತ್ತಿದ್ದಾರೆ. ಅವರಿಗೆ ನೆಗಡಿಯಿಲ್ಲ, ಜ್ವರವಿಲ್ಲ. ಇಷ್ಟೆಲ್ಲ ಕ್ಯಾಕರಿಸಿ ಬರುವುದು ಚಮಚದಷ್ಟು ಲೋಳೆ. ಆದರೂ ಗಂಟಲಲ್ಲಿ ಅನ್ನದ ಅಗುಳೊಂದು ಸಿಕ್ಕಿಕೊಂಡಂತೆ. ನುಂಗಿದರೆ ಇಳಿಯದು, ಉಗುಳಿದರೆ ಬಾರದು. ಎಂಟು ಗಂಟೆಯ ಹೊತ್ತಿಗೆ ದನಿ ತುಸು ತಿಳಿಯಾಗುತ್ತದೆ. ಮಧ್ಯಾಹ್ನದ ಊಟವಾದ ಮೇಲೆ ಮತ್ತೆ ಅದೇ ಕಥೆ. ಮಂಜಿನಿಂದ ಎಂದು ಒಬ್ಬರು ಹೇಳುತ್ತಾರೆ, ಕಫಪ್ರಕೃತಿ ಎಂದು ಇನ್ನೊಬ್ಬರು, ಚಾಲಿ ಅಡಿಕೆಯ ಧೂಳು ಎಂದು ಮತ್ತೊಬ್ಬರು. ಶುಂಠಿ, ಕಾಳುಮೆಣಸು, ಜೇಷ್ಠಮಧುಗಳ ಕಷಾಯ ವಾರಗಟ್ಟಲೆ ನಡೆಯುತ್ತದೆ. ಹೊಟ್ಟೆಯ ಮೇಲೆ ಮಾತ್ರ ಯಾರಿಗೂ ಸಂಶಯ ಬರುವುದಿಲ್ಲ. ಎದೆ ಉರಿಯುವುದಿಲ್ಲವಲ್ಲ!

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಮನೆಗಳಿಗೆ ಈ ಚಿತ್ರ ಹೊಸದಲ್ಲ. ಇಂಥ ತೊಂದರೆಗೆ ಕಾರಣಗಳು ಹಲವು. ಅವುಗಳಲ್ಲಿ ನಮ್ಮ ಲಕ್ಷ್ಯಕ್ಕೆ ಸುಲಭವಾಗಿ ಬಾರದಿರುವ ಒಂದೆಂದರೆ, ಜಠರದಲ್ಲಿರಬೇಕಾದ ಹುಳಿ ಗಂಟಲಿನವರೆಗೆ ಏರುವುದು. ಎದೆಯುರಿ, ಹುಳಿತೇಗುಗಳ ಸುಳಿವೇ ಇಲ್ಲದೆ ಇದು ನಡೆಯಬಹುದಾದುದರಿಂದ ವೈದ್ಯರು ಇದನ್ನು ಸೈಲೆಂಟ್ ರಿಫ್ಲಕ್ಸ್ ಎನ್ನುತ್ತಾರೆ. ನಾವು ‘ಮೂಕ ಹುಳಿ’ ಎಂದು ಕರೆದುಕೊಳ್ಳೋಣ.

ನುಂಗಿದ ತುತ್ತು ಸುಮಾರು ೨೫ ಸೆಂಟಿಮೀಟರು ಉದ್ದದ ಅನ್ನನಾಳದಲ್ಲಿ ಇಳಿದು ಜಠರವನ್ನು ಸೇರುತ್ತದೆ. ಈ ನಾಳಕ್ಕೆ ಎರಡು ಬಾಗಿಲುಗಳಿವೆ. ಎರಡೂ ಸ್ನಾಯುವಿನ ಬಳೆಗಳು. ಒಂದು ಗಂಟಲಿನ ಬುಡದಲ್ಲಿ, ಇನ್ನೊಂದು ಜಠರದ ಬಾಯಲ್ಲಿ. ತುತ್ತು ಬಂದಾಗ ತೆರೆದುಕೊಂಡು, ಅದು ದಾಟಿದೊಡನೆ ಮುಚ್ಚಿಕೊಳ್ಳುವುದು ಇವುಗಳ ಕೆಲಸ. ಆದರೆ ಕೆಳಗಿನ ಬಾಗಿಲು ತುತ್ತಿಲ್ಲದಿದ್ದಾಗಲೂ ಆಗಾಗ ಕ್ಷಣಕಾಲ ಸಡಿಲಾಗುತ್ತದೆ, ಆರೋಗ್ಯವಂತರಲ್ಲಿಯೂ ಹೀಗೇ. ಹೊಟ್ಟೆಯ ಗಾಳಿ ತೇಗಾಗಿ ಹೊರಬೀಳುವುದು ಈ ದಾರಿಯಿಂದಲೇ. ಹೊಟ್ಟೆ ಬಿರಿಯುವಂತೆ ಉಂಡಾಗ ಈ ಸಡಿಲಿಕೆ ಹೆಚ್ಚು. ಆಗ ಗಾಳಿಯ ಜೊತೆಗೆ ಹುಳಿರಸವೂ ಮೇಲಕ್ಕೆ ಬರುತ್ತದೆ. ಮೇಲಿನ ಬಾಗಿಲೂ ಸಡಿಲವಾಗಿದ್ದರೆ ಅದು ಧ್ವನಿಪೆಟ್ಟಿಗೆಯ ಹೊಸ್ತಿಲನ್ನು ಮುಟ್ಟುತ್ತದೆ.

ಆ ರಸ ಸಾಮಾನ್ಯವಾದುದಲ್ಲ. ಅದರ ಗುಟ್ಟನ್ನು ಜಗತ್ತಿಗೆ ತಿಳಿಸಿಕೊಟ್ಟದ್ದು ಒಂದು ಬಂದೂಕಿನ ಅಪಘಾತ. ೧೮೨೨ರ ಜೂನ್ ೬ರಂದು ಅಮೆರಿಕದ ಮ್ಯಾಕಿನಾಕ್ ದ್ವೀಪದಲ್ಲಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ಯುವಕನಿಗೆ ಹತ್ತಿರದಿಂದಲೇ ಗುಂಡು ತಗಲಿತು. ಆತ ಬದುಕಿಕೊಂಡನು, ಆದರೆ ಹೊಟ್ಟೆಯ ಮೇಲೆ ಜಠರಕ್ಕೇ ತೆರೆದುಕೊಂಡ ರಂಧ್ರವೊಂದು ಶಾಶ್ವತವಾಗಿ ಉಳಿಯಿತು. ಅವನಿಗೆ ಚಿಕಿತ್ಸೆ ಮಾಡಿದ ಸೈನ್ಯದ ವೈದ್ಯ ವಿಲಿಯಂ ಬೋಮಾಂಟ್, ಆಹಾರದ ಚೂರುಗಳನ್ನು ರೇಷ್ಮೆ ದಾರಕ್ಕೆ ಕಟ್ಟಿ ಆ ರಂಧ್ರದಲ್ಲಿ ಇಳಿಬಿಟ್ಟು, ಹೊತ್ತು ನೋಡಿ ಹೊರಗೆಳೆದು, ಎಷ್ಟು ಕರಗಿದೆಯೆಂದು ಬರೆದಿಡುತ್ತ ಹೋದನು. ೧೮೩೩ರಲ್ಲಿ ಅವನ ಗ್ರಂಥ ಹೊರಬಂದಿತು. ಮೂರು ವರ್ಷಗಳ ತರುವಾಯ ಜರ್ಮನಿಯ ಥಿಯೋಡರ್ ಶ್ವಾನ್ ಆ ರಸದಲ್ಲಿ ಹೈಡ್ರೋಕ್ಲೋರಿಕ್ ಆಮ್ಲವಲ್ಲದೆ ಪೆಪ್ಸಿನ್ ಎಂಬ ಕಿಣ್ವವೂ ಇರುವುದನ್ನು ತೋರಿಸಿದನು. ಬೇಳೆ, ಹಾಲು ಮೊದಲಾದುವುಗಳ ಸಸಾರಜನಕವನ್ನು ತುಂಡರಿಸುವುದು ಇದರ ಕಸುಬು. ಜಠರದ ಒಳಮೈಗೆ ಲೋಳೆಯ ದಪ್ಪ ಹೊದಿಕೆಯಿದೆ; ಆದುದರಿಂದ ಅದು ತನ್ನ ರಸದಿಂದ ತಾನೇ ಸುಟ್ಟುಹೋಗುವುದಿಲ್ಲ. ಗಂಟಲಿಗೆ ಆ ಕವಚವಿಲ್ಲ.

ಹಾಗಾದರೆ ಎದೆ ಏಕೆ ಉರಿಯುವುದಿಲ್ಲ? ಅನ್ನನಾಳವು ಮೇಲೆ ಬಂದ ಹುಳಿಯನ್ನು ತನ್ನ ಅಲೆಯಂಥ ಚಲನೆಯಿಂದ ಬೇಗನೆ ಕೆಳಗೆ ನೂಕುತ್ತದೆ. ಬಾಯಿಂದ ಇಳಿಯುವ ಉಗುಳು ಕ್ಷಾರಗುಣದ್ದಾದುದರಿಂದ ಉಳಿದುದನ್ನು ತೊಳೆದುಬಿಡುತ್ತದೆ. ಹುಳಿ ಅಲ್ಲಿ ನಿಂತರಷ್ಟೆ ಉರಿ. ಧ್ವನಿಪೆಟ್ಟಿಗೆಗೆ ಇಂಥ ಏರ್ಪಾಡಿಲ್ಲ. ಅಲ್ಲಿಗೆ ನಾಲ್ಕು ಹನಿ, ಅದೂ ಮಂಜಿನ ರೂಪದಲ್ಲಿ, ತಲುಪಿದರೂ ಸಾಕು. ಅಮೆರಿಕದ ಗಂಟಲು ತಜ್ಞೆ ಜೇಮಿ ಕೌಫ್‌ಮನ್ ಅವರು ೨೨೫ ಮಂದಿ ರೋಗಿಗಳನ್ನು ಪರೀಕ್ಷಿಸಿ ೧೯೯೧ರಲ್ಲಿ ಪ್ರಕಟಿಸಿದ ಪ್ರಬಂಧದಿಂದ ಈ ವಿಷಯ ವೈದ್ಯಲೋಕದ ಗಮನವನ್ನು ವಿಶೇಷವಾಗಿ ಸೆಳೆಯಿತು. ಹುಳಿ ಊರ್ಧ್ವಮುಖವಾಗುವ ಸಂಗತಿ ನಮ್ಮವರಿಗೆ ತೀರ ಅಪರಿಚಿತವಾಗಿತ್ತೆಂದಲ್ಲ. ಮಾಧವನಿದಾನವು ಆಮ್ಲಪಿತ್ತವನ್ನು ಊರ್ಧ್ವಗ, ಅಧೋಗ ಎಂದು ಎರಡಾಗಿಯೇ ವಿಂಗಡಿಸಿದೆ.

ಪೆಪ್ಸಿನ್ನಿನ ಬಗ್ಗೆ ಇನ್ನೊಂದು ಮಾತು ಹೇಳಬೇಕು. ಹುಳಿ ತೊಳೆದುಹೋದ ಮೇಲೂ ಅದು ಗಂಟಲಿನ ಮೈಗೆ ಅಂಟಿಕೊಂಡು ಉಳಿಯಬಲ್ಲುದು. ಆಗ ಅದು ನಿದ್ರಿಸುವಂತಿರುತ್ತದೆ. ಮತ್ತೆ ಹುಳಿ ತಾಗಿದರೆ ಎಚ್ಚೆತ್ತು ಕೆಲಸಕ್ಕೆ ತೊಡಗುತ್ತದೆ. ಪ್ರಯೋಗಶಾಲೆಯಲ್ಲಿ ಕಂಡ ಸಂಗತಿಯಿದು. ಆ ಹುಳಿ ಕೆಳಗಿನಿಂದಲೇ ಬರಬೇಕೆಂಬ ನಿಯಮವಿಲ್ಲ, ಬಾಯಿಂದ ಇಳಿಯುವ ಹುಳಿಯೂ ಆದೀತು. ಲೋಟಗಟ್ಟಲೆ ಅಪ್ಪೆಹುಳಿ ಸುರಿಯುವ ನಮ್ಮ ಸೀಮೆಯವರು ಇದನ್ನು ನೆನಪಿನಲ್ಲಿಡಬೇಕು.

ಈಗ ನಮ್ಮ ದಿನಚರಿಯನ್ನೇ ನೋಡಿಕೊಳ್ಳೋಣ. ಕೊನೆಕೊಯ್ಲಿನ ಕಾಲ. ಹಗಲೆಲ್ಲ ತೋಟದಲ್ಲಿ ದುಡಿತ, ರಾತ್ರಿ ಒಂಬತ್ತಕ್ಕೆ ಊಟ. ಹಸಿದ ಹೊಟ್ಟೆ ಎರಡು ಊಟದಷ್ಟನ್ನು ಒಂದೇ ಸಲ ಕೇಳುತ್ತದೆ. ಊಟವಾದೊಡನೆ ಹಸಿ ಅಡಿಕೆಯ ರಾಶಿಯ ಸುತ್ತ ಮೆಟ್ಟುಗತ್ತಿ ಇಟ್ಟುಕೊಂಡು ಕೂತರೆ, ಸೊಂಟ ಬಗ್ಗಿಸಿ, ತುಂಬಿದ ಹೊಟ್ಟೆಯನ್ನು ತೊಡೆಗೆ ಒತ್ತಿಕೊಂಡು, ಹನ್ನೊಂದರವರೆಗೆ ಸುಲಿತ. ನಡುವೆ ಒಂದು ಸುತ್ತು ಚಹಾ, ಎರಡು ಸುತ್ತು ಕವಳ. ಆಮೇಲೆ ನೇರವಾಗಿ ಹಾಸಿಗೆ. ಜಠರದ ಬಾಗಿಲನ್ನು ಸಡಿಲಿಸಬೇಕೆಂದೇ ಯಾರಾದರೂ ಉಪಾಯ ಹೂಡಿದ್ದರೆ ಇದಕ್ಕಿಂತ ಚೆನ್ನಾಗಿ ಹೂಡಲಾರರು. ಸುಲಿಯುವ ಯಂತ್ರಗಳು ಬಂದ ಮನೆಗಳಲ್ಲಿ ಬಗ್ಗುವ ಕಷ್ಟ ತಪ್ಪಿದೆ. ಹೊತ್ತು ಮೀರಿದ ಊಟ ತಪ್ಪಿಲ್ಲ. ತಾಳಮದ್ದಳೆ, ಆಟಗಳ ರಾತ್ರಿಯೂ ಹೀಗೆಯೇ. ಮೂರು ತಾಸು ಪದ ಹೇಳಬೇಕಾದ ಭಾಗವತರು, ವಾದಕ್ಕೆ ನಿಲ್ಲಬೇಕಾದ ಅರ್ಥಧಾರಿಗಳು ಹೊಟ್ಟೆ ತುಂಬ ಉಂಡೇ ಕೂರುತ್ತಾರೆ. ತಾರಕದಲ್ಲಿ ಹಾಡುವಾಗ ಹೊಟ್ಟೆಯ ಸ್ನಾಯುಗಳು ಜಠರವನ್ನು ಒತ್ತುತ್ತವೆ. ಮರುದಿನ ದನಿ ಬಿದ್ದುಹೋದರೆ ದೋಷವನ್ನೆಲ್ಲ ಇಬ್ಬನಿಯ ತಲೆಗೆ ಕಟ್ಟುವುದು ನ್ಯಾಯವಲ್ಲ.

ಕವಳದ ವಿಷಯವನ್ನು ಸ್ವಲ್ಪ ನಿಧಾನವಾಗಿ ಹೇಳಬೇಕಾಗಿದೆ. ಊಟದ ಮೇಲೆ ಎಲೆಯಡಿಕೆ ಹಾಕಿದರೆ ಹೊಟ್ಟೆ ಹಗುರವಾಗುತ್ತದೆಂದು ಹಿರಿಯರು ಹೇಳುವುದರಲ್ಲಿ ತಿರುಳಿಲ್ಲದೆ ಇಲ್ಲ. ಏನನ್ನೇ ಅಗಿದರೂ ಉಗುಳು ಊರುತ್ತದೆ. ನುಂಗಿದ ಉಗುಳು ಹುಳಿಯನ್ನು ತಣಿಸುತ್ತದೆ. ಆ ಉಪಕಾರವೆಲ್ಲ ಉಗುಳಿನದು, ಅಡಿಕೆಯದಲ್ಲ. ಕವಳದ ರಸವನ್ನು ಪೀಕದಾನಿಗೆ ಉಗುಳಿದರೆ ಅದೂ ಕೈತಪ್ಪಿತು. ಜೊತೆಗೆ ತಂಬಾಕಿನ ಎಸಳು ಸೇರಿತೆಂದರೆ ಅದರ ನಿಕೋಟಿನ್ ಜಠರದ ಬಾಗಿಲನ್ನು ಸಡಿಲಿಸುತ್ತದೆ. ಊಟವಾದ ಮೇಲೆ ಬಾಯಾಡಿಸಲು ಏನಾದರೂ ಬೇಕೇ ಬೇಕೆನ್ನುವವರಿಗೆ ನಮ್ಮ ತೋಟದಲ್ಲಿಯೇ ಏಲಕ್ಕಿಯಿದೆ.

ಇಷ್ಟೇ ಆಗಿದ್ದರೆ ಕವಳವನ್ನು ಪಥ್ಯದ ಪಟ್ಟಿಯಲ್ಲಿ ಸೇರಿಸಿ ಮುಂದೆ ಹೋಗಬಹುದಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ತನ್ನ ೨೦೦೪ರ ಗ್ರಂಥದಲ್ಲಿ, ತಂಬಾಕು ಸೇರಿಸಿದ ಕವಳವನ್ನಷ್ಟೇ ಅಲ್ಲದೆ ತಂಬಾಕಿಲ್ಲದ ಕವಳವನ್ನೂ, ಬರಿಯ ಅಡಿಕೆಯನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ವರ್ಗದಲ್ಲಿಟ್ಟಿದೆ. ಅಡಿಕೆಯಿಂದಲೇ ಮನೆ ಕಟ್ಟಿ, ಮಕ್ಕಳನ್ನು ಓದಿಸಿದ ಸೀಮೆಯಲ್ಲಿ ಇದನ್ನು ಹೇಳುವುದು ನಾಲಗೆಗೆ ಭಾರ. ಆದರೂ ಹೇಳದೆ ನಿರ್ವಾಹವಿಲ್ಲ. ಏಕೆಂದರೆ ಮೂಕ ಹುಳಿಯ ಲಕ್ಷಣಗಳೂ ಗಂಟಲಿನ ಕ್ಯಾನ್ಸರಿನ ಮೊದಲ ಲಕ್ಷಣಗಳೂ ಒಂದನ್ನೊಂದು ಹೋಲುತ್ತವೆ: ಒಡೆದ ದನಿ, ಏನೋ ಸಿಕ್ಕಿಕೊಂಡ ಅನುಭವ, ಬಿಡದ ಕ್ಯಾಕರಿಕೆ. ‘ನನಗೆ ಬರಿಯ ಅಸಿಡಿಟಿ’ ಎಂದು ತಾನೇ ತೀರ್ಮಾನಿಸಿ, ಔಷಧದಂಗಡಿಯ ಗುಳಿಗೆ ನುಂಗುತ್ತ ಆರು ತಿಂಗಳು ಕಳೆದವರು, ಅಕಸ್ಮಾತ್ ಅದು ಇನ್ನೊಂದಾಗಿದ್ದರೆ, ಮತ್ತೆ ದೊರೆಯದ ಆರು ತಿಂಗಳನ್ನು ಕಳೆದುಕೊಂಡಂತೆ.

ಆದುದರಿಂದ ಈ ಲೇಖನದಲ್ಲಿ ಒಂದೇ ಒಂದನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತುಮಾಡಿಕೊಳ್ಳುವುದಾದರೆ ಇದನ್ನು ಮಾಡಿಕೊಳ್ಳಿ. ದನಿ ಒಡೆದು ಮೂರು ವಾರವಾದರೂ ಸರಿಹೋಗದಿದ್ದರೆ ಕಿವಿ-ಮೂಗು-ಗಂಟಲಿನ ತಜ್ಞರು ನಿಮ್ಮ ಗಂಟಲಿನೊಳಗೆ ಒಮ್ಮೆ ನೋಡಲೇಬೇಕು. ತುತ್ತು ಸಿಕ್ಕಿಕೊಳ್ಳುವುದು, ನುಂಗುವಾಗ ನೋವು, ಉಗುಳಿನಲ್ಲಿ ರಕ್ತ, ಕುತ್ತಿಗೆಯಲ್ಲಿ ಗಂಟು, ಕಾರಣವಿಲ್ಲದೆ ಇಳಿಯುವ ತೂಕ, ಒಂದೇ ಕಡೆಯ ಕಿವಿನೋವು, ಬಾಯಲ್ಲಿ ಮಾಯದ ಹುಣ್ಣು, ಇವುಗಳಲ್ಲಿ ಒಂದಿದ್ದರೂ ಮೂರು ವಾರ ಕಾಯುವುದು ಬೇಡ. ಕವಳ ಹಾಕುವವರು, ಬೀಡಿ ಸಿಗರೇಟು ಸೇದುವವರು ಇದರಲ್ಲಿ ಸಂಕೋಚಪಡಬಾರದು. ಎರಡು ವಾರ ಮೀರಿದ ಕೆಮ್ಮಿಗೆ ಕಫದ ಪರೀಕ್ಷೆಯನ್ನೂ ಮಾಡಿಸಬೇಕು. ಕ್ಷಯ ಇನ್ನೂ ನಮ್ಮನ್ನು ಬಿಟ್ಟುಹೋಗಿಲ್ಲ. ರಕ್ತದೊತ್ತಡಕ್ಕೆ ಎನಾಲಪ್ರಿಲ್, ರಾಮಿಪ್ರಿಲ್ ಜಾತಿಯ ಗುಳಿಗೆ ತೆಗೆದುಕೊಳ್ಳುವವರಿಗೆ ಅದರಿಂದಲೇ ಒಣಕೆಮ್ಮು ಹತ್ತುವುದುಂಟು. ಆ ಚೀಟಿಯನ್ನೂ ವೈದ್ಯರಿಗೆ ತೋರಿಸಿ. ಇನ್ನು, ಎದೆ ಹಿಂಡಿದಂತಾಗಿ ಬೆವರು ಬಂದು ನೋವು ತೋಳಿಗೋ ದವಡೆಗೋ ಹಬ್ಬಿದರೆ ಅದನ್ನು ಗ್ಯಾಸೆಂದು ಸೋಡ ಕುಡಿದು ಕೂರಬೇಡಿ. ತಡಮಾಡದೆ ಆಸ್ಪತ್ರೆಗೆ ಹೊರಡಿ.

ಗಂಟಲು ನೋಡಿಸಿಕೊಳ್ಳುವುದೆಂದರೆ ಹೆದರುವವರುಂಟು. ಮೊಟ್ಟಮೊದಲು ಈ ಕೆಲಸವನ್ನು ಸಾಧಿಸಿದ್ದು ವೈದ್ಯನಲ್ಲ, ಹಾಡುಗಾರಿಕೆಯ ಗುರು. ಸ್ಪೇನ್ ಮೂಲದ ಮಾನ್ಯುಯೆಲ್ ಗಾರ್ಸಿಯಾ ೧೮೫೪ರಲ್ಲಿ ಹಲ್ಲಿನ ವೈದ್ಯರ ಪುಟ್ಟ ಕನ್ನಡಿಯೊಂದನ್ನು ಬಾಯೊಳಗಿಟ್ಟು, ಕೈಗನ್ನಡಿಯಿಂದ ಬಿಸಿಲನ್ನು ಅದರ ಮೇಲೆ ಬೀಳಿಸಿ, ತನ್ನ ಧ್ವನಿತಂತುಗಳು ಮಿಡಿಯುವುದನ್ನು ತಾನೇ ಕಂಡನು. ಈಗ ಮೂಗಿನ ಮೂಲಕ ತೆಳುವಾದ ಬಾಗುವ ನಳಿಕೆಯನ್ನು ಇಳಿಸಿ ಪರದೆಯ ಮೇಲೆ ನೋಡುತ್ತಾರೆ. ಕೆಲವೇ ನಿಮಿಷಗಳ ಕೆಲಸ, ಪ್ರಜ್ಞೆ ತಪ್ಪಿಸಬೇಕಾಗಿಲ್ಲ. ತಾಲೂಕಿನಲ್ಲಿ ಸೌಕರ್ಯ ದೊರೆಯದಿದ್ದರೆ ಹುಬ್ಬಳ್ಳಿಗೋ ಮಣಿಪಾಲಕ್ಕೋ ಒಂದು ದಿನದ ಪ್ರಯಾಣ. ಒಳಗೆ ಕೆಂಪಾಗಿದೆ ಎಂದ ಮಾತ್ರಕ್ಕೆ ಅದು ಹುಳಿಯಿಂದಲೇ ಎಂದು ಸಾಧಿಸಿದಂತಾಗಲಿಲ್ಲ. ಯಾವ ದೂರೂ ಇಲ್ಲದವರ ಗಂಟಲೂ ಕೆಂಪಾಗಿರುವುದುಂಟು. ಆ ದರ್ಶನದ ದೊಡ್ಡ ಪ್ರಯೋಜನವೆಂದರೆ, ಅಲ್ಲಿ ಗಂಟು, ಹುಣ್ಣು ಇಲ್ಲವೆಂದು ಖಚಿತವಾಗುವುದು.

ಖಚಿತವಾದ ಮೇಲೆ ಏನು ಮಾಡಬೇಕು? ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್ ಮೊದಲಾದ ಗುಳಿಗೆಗಳ ಹೆಸರು ಈಗ ಮಕ್ಕಳಿಗೂ ಬಾಯಿಪಾಠ. ಜಠರದಲ್ಲಿ ಹುಳಿ ಉತ್ಪತ್ತಿಯಾಗುವುದನ್ನೇ ಇವು ತಗ್ಗಿಸುತ್ತವೆ. ಎದೆಯುರಿಗೆ, ಹುಣ್ಣಿಗೆ ಬಹಳ ಒಳ್ಳೆಯ ಔಷಧಗಳು. ಗಂಟಲಿನ ದೂರಿಗೆ? ಬ್ರಿಟನ್ನಿನ ಎಂಟು ಆಸ್ಪತ್ರೆಗಳಲ್ಲಿ ೩೪೬ ಮಂದಿಯನ್ನು ಎರಡು ಪಂಗಡ ಮಾಡಿ, ಒಂದಕ್ಕೆ ಇದೇ ಜಾತಿಯ ಲಾನ್ಸೊಪ್ರಜೋಲನ್ನೂ ಇನ್ನೊಂದಕ್ಕೆ ಅದರಂತೆಯೇ ಕಾಣುವ ಹುಸಿ ಗುಳಿಗೆಯನ್ನೂ ೧೬ ವಾರ ಕೊಟ್ಟರು. ೨೦೨೧ರಲ್ಲಿ ಪ್ರಕಟವಾದ ಫಲಿತಾಂಶ ಇಷ್ಟು: ಎರಡೂ ಪಂಗಡದವರಿಗೆ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಗುಣ ಕಂಡಿತು. ಗುಳಿಗೆ ಹುಳಿಯನ್ನು ತಗ್ಗಿಸುತ್ತದೆಯೇ ಹೊರತು ಬಾಗಿಲನ್ನು ಬಿಗಿಮಾಡುವುದಿಲ್ಲ. ಪೆಪ್ಸಿನ್ ಮೇಲೇರುವುದು ನಿಲ್ಲುವುದಿಲ್ಲ. ವೈದ್ಯರು ಕೊಟ್ಟಿದ್ದರೆ ಊಟಕ್ಕೆ ಅರ್ಧದಿಂದ ಒಂದು ಗಂಟೆ ಮುಂಚೆ ತೆಗೆದುಕೊಳ್ಳಿ. ಉಂಡ ಮೇಲೆ ನುಂಗಿದರೆ ಅರ್ಧ ವ್ಯರ್ಥ. ಬಹುಕಾಲ ತೆಗೆದುಕೊಂಡವರು ಒಮ್ಮೆಗೇ ನಿಲ್ಲಿಸಿದರೆ ಹುಳಿ ಕೆಲವು ವಾರ ಮೊದಲಿಗಿಂತ ಜೋರಾಗಿ ಉಕ್ಕುತ್ತದೆ. ಆಗ ‘ನನಗಿದು ಬೇಕೇ ಬೇಕು’ ಎಂದುಕೊಂಡು ವರ್ಷಗಟ್ಟಲೆ ಮುಂದುವರಿಸುತ್ತಾರೆ. ವೈದ್ಯರನ್ನು ಕೇಳಿ ಮೆಲ್ಲಮೆಲ್ಲನೆ ಇಳಿಸಬೇಕು. ಸಮುದ್ರದ ಪಾಚಿಯಿಂದ ತೆಗೆದ ಆಲ್ಜಿನೇಟ್ ಎಂಬ ಇನ್ನೊಂದು ಔಷಧವಿದೆ. ಊಟದ ನಂತರವೂ ಮಲಗುವ ಮುನ್ನವೂ ಕುಡಿದರೆ ಜಠರದ ರಸದ ಮೇಲೆ ತೆಪ್ಪದಂತೆ ತೇಲಿ ಅದನ್ನು ತಡೆಯುತ್ತದೆ. ಅಡುಗೆ ಸೋಡದ ನೀರು ಗಳಿಗೆಯ ಸಮಾಧಾನ. ರಕ್ತದೊತ್ತಡವಿದ್ದವರಿಗೆ ಅದರ ಸೋಡಿಯಂ ಒಳ್ಳೆಯದಲ್ಲ.

ಉಳಿದುದೆಲ್ಲ ಮನೆಯವರ ಕೈಯಲ್ಲಿದೆ, ಅದರಲ್ಲೂ ರಾತ್ರಿಯ ಗಡಿಯಾರದ ಕೈಯಲ್ಲಿ. ಊಟಕ್ಕೂ ಹಾಸಿಗೆಗೂ ನಡುವೆ ಮೂರು ಗಂಟೆ ಬಿಡಿ. ಹತ್ತಕ್ಕೆ ಮಲಗುವವರು ಏಳಕ್ಕೆ ಉಣ್ಣಬೇಕೆಂದಾಯಿತು. ನಮ್ಮ ಮನೆಗಳಲ್ಲಿ ಇದು ಆಗದ ಮಾತೆಂದು ನನಗೂ ಗೊತ್ತು. ಆದರೆ ಸುಲಿತಕ್ಕೆ ಕೂರುವ ಮುನ್ನ ಏಳಕ್ಕೇ ಊಟ ಮುಗಿಸಿ, ಹತ್ತಕ್ಕೆ ಬೇಕಾದರೆ ಅರ್ಧ ಲೋಟ ಕೊತ್ತಂಬರಿ ಜೀರಿಗೆಯ ಕಷಾಯ ಕುಡಿಯುವುದು ಆಗದ ಮಾತಲ್ಲ. ಚಹಾ, ಕಾಫಿ ಹಲವರಲ್ಲಿ ತೊಂದರೆಯನ್ನು ಹೆಚ್ಚಿಸುತ್ತವೆ. ಈ ಕಷಾಯದಲ್ಲಿ ಆ ಉತ್ತೇಜಕವಿಲ್ಲ. ರಾತ್ರಿಯ ಊಟವನ್ನು ಕಿರಿದು ಮಾಡಿ, ಅದರ ಪಾಲನ್ನು ಮಧ್ಯಾಹ್ನಕ್ಕೆ ಕೊಡಿ.

ಮಲಗುವಾಗ ಮಂಚದ ತಲೆಯ ಕಡೆಯ ಎರಡು ಕಾಲುಗಳ ಕೆಳಗೆ ೧೫ ರಿಂದ ೨೦ ಸೆಂಟಿಮೀಟರು ಎತ್ತರದ ಮರದ ದಿಮ್ಮಿ ಇಡಿ. ಎರಡು ದಿಂಬು ಪೇರಿಸಿದರೆ ಕುತ್ತಿಗೆ ಬಾಗಿ ಹೊಟ್ಟೆ ಮಡಚಿಕೊಳ್ಳುತ್ತದೆ, ಫಲವಿಲ್ಲ; ಸೊಂಟದಿಂದ ಮೇಲೆ ಇಡೀ ಮೈ ಇಳಿಜಾರಾಗಿರಬೇಕು. ನೆಲದ ಮೇಲೆ ಹಾಸಿಕೊಳ್ಳುವವರು ಹಾಸಿಗೆಯ ಕೆಳಗೆ ಓರೆಯಾಗಿ ಒಂದು ಹಲಗೆ ಕೊಡಬಹುದು. ಎಡ ಮಗ್ಗುಲಿಗೆ ಮಲಗುವುದು ಲೇಸು. ಆ ಭಂಗಿಯಲ್ಲಿ ಜಠರದ ಬಾಯಿ ರಸದ ಮಟ್ಟಕ್ಕಿಂತ ಮೇಲಿರುತ್ತದೆ. ಹೊಟ್ಟೆಯ ಸುತ್ತ ಬೊಜ್ಜಿರುವವರಿಗೆ ನಾಲ್ಕಾರು ಕಿಲೋ ಇಳಿಸುವಷ್ಟು ಹಿತವಾದ ಔಷಧ ಬೇರೆ ಇಲ್ಲ.

ಪಥ್ಯದಲ್ಲಿ ಅತಿರೇಕ ಬೇಡ. ಯಾರೋ ಹೇಳಿದರೆಂದು ಎಲ್ಲವನ್ನೂ ಬಿಟ್ಟು ಗಂಜಿ ಕುಡಿದು ಸೊರಗುವವರನ್ನು ನೋಡಿದರೆ ಕನಿಕರವಾಗುತ್ತದೆ. ಯಾವ ಪದಾರ್ಥ ಯಾರಿಗೆ ಆಗದೆಂಬುದು ಮನುಷ್ಯನಿಂದ ಮನುಷ್ಯನಿಗೆ ಬೇರೆ. ಒಂದು ಪುಸ್ತಕದಲ್ಲಿ ಹದಿನೈದು ದಿನ ಉಂಡದ್ದು, ಉಂಡ ಹೊತ್ತು, ಮರುದಿನ ಬೆಳಗಿನ ಗಂಟಲಿನ ಸ್ಥಿತಿ, ಇಷ್ಟನ್ನು ಬರೆಯಿರಿ. ಮೊದಲು ಸಂಶಯಪಡಬೇಕಾದುವು ಕರಿದ ಹಪ್ಪಳ ಸಂಡಿಗೆ, ಸೂಜಿಮೆಣಸಿನ ಖಾರ, ಮಿಡಿ ಉಪ್ಪಿನಕಾಯಿ, ಅಪ್ಪೆಹುಳಿ, ಮುರುಗಲಿನ ಪಾನಕ, ಹುಳಿಬಂದ ಮಜ್ಜಿಗೆ. ಅಂದಂದಿನ ಸಿಹಿಮಜ್ಜಿಗೆಯಲ್ಲಿ ಮಾಡಿದ ಒಂದೆಲಗದ ತಂಬುಳಿ ಹೆಚ್ಚಿನವರಿಗೆ ಒಗ್ಗೀತು. ನ್ಯೂಯಾರ್ಕ್ ಪ್ರಾಂತದ ವೈದ್ಯರು ೧೮೪ ರೋಗಿಗಳ ದಾಖಲೆಗಳನ್ನು ತಿರುವಿಹಾಕಿ ೨೦೧೭ರಲ್ಲಿ ಹೇಳಿದ್ದು: ಗುಳಿಗೆ ತೆಗೆದುಕೊಂಡವರಲ್ಲಿ ನೂರಕ್ಕೆ ೫೪ ಮಂದಿಗೆ ಗಣನೀಯ ಗುಣ ಕಂಡರೆ, ಕಾಯಿಪಲ್ಯ, ಬೇಳೆಕಾಳು, ಹಣ್ಣುಗಳ ಊಟ ಮಾಡಿ ಕ್ಷಾರಗುಣದ ನೀರು ಕುಡಿದವರಲ್ಲಿ ನೂರಕ್ಕೆ ೬೨ ಮಂದಿಗೆ ಕಂಡಿತು. ಹಳೆಯ ದಾಖಲೆಗಳ ಲೆಕ್ಕವಾದುದರಿಂದ ಇದನ್ನು ಕೊನೆಯ ತೀರ್ಪೆನ್ನಲಾಗದು. ದುಬಾರಿ ನೀರಿನ ಬಾಟಲಿಗೆ ಹಣ ಸುರಿಯಲಂತೂ ಇದು ಸಾಲದು. ಊಟದ ಭಾಗ ಮಾತ್ರ ನಮ್ಮ ಅಡುಗೆಮನೆಗೆ ದೂರದ್ದಲ್ಲ.

ಇನ್ನು ಆ ಕ್ಯಾಕರಿಕೆ. ಪ್ರತಿ ಸಲ ಕ್ಯಾಕರಿಸಿದಾಗಲೂ ಧ್ವನಿತಂತುಗಳು ಒಂದಕ್ಕೊಂದು ಬಡಿದು ಊದಿಕೊಳ್ಳುತ್ತವೆ; ಊದಿದ ಕಡೆ ಮತ್ತೆ ಏನೋ ಇದ್ದಂತೆನಿಸುತ್ತದೆ; ಮತ್ತೆ ಕ್ಯಾಕರಿಕೆ. ಬಂದಾಗ ಒಂದು ಗುಟುಕು ನೀರು ಕುಡಿಯಿರಿ, ನೀರಿಲ್ಲದಿದ್ದರೆ ಒಮ್ಮೆ ಉಗುಳು ನುಂಗಿ. ದನಿ ಬಿದ್ದಾಗ ಪಿಸುಮಾತೂ ವಿಶ್ರಾಂತಿಯಲ್ಲ. ಮೆಲುದನಿಯಲ್ಲಿ ಸಹಜವಾಗಿ ಮಾತಾಡಿ, ಇಲ್ಲವೆ ಸುಮ್ಮನಿರಿ.

ಗಂಟಲು ಮಾಯುವುದು ನಿಧಾನ. ಎರಡು ಮೂರು ತಿಂಗಳು ಬೇಕು. ವಾರದಲ್ಲಿ ಗುಣವಾಗಲಿಲ್ಲವೆಂದು ದಿಮ್ಮಿಯನ್ನು ಕಿತ್ತುಹಾಕಬೇಡಿ. ಗುಣವನ್ನು ಅಳೆಯಲು ೨೦೦೨ರಲ್ಲಿ ಅಮೆರಿಕದ ವೈದ್ಯರು ಸಿದ್ಧಪಡಿಸಿದ ಒಂಬತ್ತು ಅಂಶಗಳ ಪಟ್ಟಿಯೊಂದಿದೆ: ದನಿಯ ಒಡಕು, ಕ್ಯಾಕರಿಕೆ, ಹೆಚ್ಚಿನ ಲೋಳೆ, ನುಂಗುವ ಕಷ್ಟ, ಉಂಡ ಅಥವಾ ಮಲಗಿದ ಮೇಲಿನ ಕೆಮ್ಮು, ಉಸಿರು ಕಟ್ಟಿದಂತಾಗುವುದು, ಕಾಡುವ ಕೆಮ್ಮು, ಗಂಟಲಲ್ಲಿ ಏನೋ ಇದ್ದಂತೆನಿಸುವುದು, ಎದೆಯುರಿ ಅಥವಾ ಹುಳಿತೇಗು. ಒಂದೊಂದಕ್ಕೂ ಸೊನ್ನೆಯಿಂದ ಐದರವರೆಗೆ ಅಂಕ ಕೊಟ್ಟು ಕೂಡಿಸಬೇಕು. ೧೩ ಮೀರಿದರೆ ಮೂಕ ಹುಳಿಯ ಸಂಶಯಕ್ಕೆ ಎಡೆಯುಂಟು. ಈ ದಿನದ ಮೊತ್ತವನ್ನು ಆ ಪುಸ್ತಕದ ಮೊದಲ ಹಾಳೆಯಲ್ಲಿ ಬರೆದಿಡಿ. ಮೂರು ತಿಂಗಳಾದ ಮೇಲೆ ಮತ್ತೊಮ್ಮೆ ಕೂಡಿಸಿ ನೋಡಿ. ಮೊತ್ತ ಇಳಿಯದಿದ್ದರೆ, ಪುಸ್ತಕವನ್ನು ಕೈಯಲ್ಲಿ ಹಿಡಿದುಕೊಂಡೇ ತಜ್ಞರ ಬಳಿಗೆ ಎರಡನೆಯ ಸಲ ಹೋಗಿ.